ಎಸ್‌ಎಂಪಿಎಸ್‌ಗೆ ಗಾಳಿ ಬೇಕು

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಕೆಟ್ಟಿತು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ವೈರಸ್. ಅದಲ್ಲದಿದ್ದರೆ ವಿಂಡೋಸ್. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಕರೆಂಟಿನ ವೈರು ಸಿಕ್ಕಿಸುವ ಜಾಗದಲ್ಲಿ, ಒಂದು ತಗಡಿನ ಪೆಟ್ಟಿಗೆ ಇದೆಯಲ್ಲ, ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಅದೇ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವುದು ಅದರ ಕೆಲಸ. ಹಂಚುವಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಗೆ ನೂಕಲು ಇರುವುದು ಒಂದೇ ಒಂದು ಫ್ಯಾನು. ನಾನು ಹೇಳಲು ಬಂದಿರುವುದೂ ಒಂದೇ ಮಾತು: ಆ ಫ್ಯಾನಿಗೆ ಗಾಳಿ ಆಡಲು ಬಿಡಿ. ಮಿಕ್ಕದ್ದೆಲ್ಲ ಆಮೇಲೆ.

ಯಾಕೆ ಅಂತೀರಾ? ಆ ಪೆಟ್ಟಿಗೆಯೊಳಗೆ ಕೆಪಾಸಿಟರ್‌ಗಳಿವೆ, ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಪುಟ್ಟ ಪುಟ್ಟ ಡ್ರಮ್ಮಿನ ಆಕಾರದವು. ಅವುಗಳ ಒಳಗೆ ಒಂದು ದ್ರವ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಆ ದ್ರವ ಬೇಗ ಒಣಗುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯಿತು ಅಂತಲೇ ಲೆಕ್ಕ. ಹತ್ತು ವರ್ಷ ಬಾಳಬೇಕಾದದ್ದು ಐದಕ್ಕೆ ಮುಗಿಯುತ್ತದೆ, ಇನ್ನೂ 10 ಡಿಗ್ರಿ ಏರಿದರೆ ಎರಡೂವರೆಗೆ. ಬರೀ ಗಾಳಿಯ ದಾರಿ ಕಟ್ಟಿದ ಧೂಳಿನಿಂದ!

ಒಂದು ಜೆರಾಕ್ಸ್ ಅಂಗಡಿಯ ಕಥೆ ಹೇಳುತ್ತೇನೆ. ತಾಲ್ಲೂಕು ಕಚೇರಿಯ ಎದುರಿನ ಅಂಗಡಿ, ದಿನವಿಡೀ ಜನ. ಅಲ್ಲಿನ ಕಂಪ್ಯೂಟರ್ ಬೆಳಗ್ಗೆ ಸರಿಯಾಗಿಯೇ ಇರುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ದಾಟಿತೋ ಇಲ್ಲವೋ, ತಟ್ಟನೆ ಆಫ್. ಬಟನ್ ಒತ್ತಿದರೆ ಮಿಸುಕುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಏನೂ ಆಗಿಲ್ಲವೆಂಬಂತೆ ಶುರು. ಅಂಗಡಿಯವರು ಏನು ಮಾಡಿದರು? ಫಾರ್ಮ್ಯಾಟ್ ಮಾಡಿಸಿದರು. ಮತ್ತೆ ಆಯಿತು. ರ‍್ಯಾಮ್ ಬದಲಿಸಿದರು. ಮತ್ತೆ ಆಯಿತು. ಹೊಸ ಹಾರ್ಡ್ ಡಿಸ್ಕ್ ತಂದರು. ಪಹಣಿ ಪ್ರಿಂಟಿಗೆ ಬಂದ ರೈತರು ಸಾಲಾಗಿ ನಿಂತಿರುವಾಗಲೇ ಮತ್ತೆ ಆಫ್. ಎಲ್ಲಿಂದಲೋ ಪೆನ್‌ಡ್ರೈವ್ ತಂದ ಗಿರಾಕಿಗೆ ಬೈಗುಳ, ವೈರಸ್ ಹಾಕಿದ್ದು ನೀನೇ ಅಂತ.

ಕೊನೆಗೆ ರಿಪೇರಿಗೆ ಬಂದ ಹುಡುಗ ಕಂಪ್ಯೂಟರ್ ಆನ್ ಮಾಡಿ, ಹಿಂಬದಿಯ ಜಾಲರಿಗೆ ಅಂಗೈ ಹಿಡಿದ. ಗಾಳಿಯೇ ಬರುತ್ತಿಲ್ಲ. ತಗಡು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಟಾರ್ಚ್ ಹಾಕಿ ನೋಡಿದರೆ ಜಾಲರಿಯ ಮೇಲೆ ಕಂಬಳಿ ಹಾಸಿದಂತೆ ಬೂದು ಬಣ್ಣದ ಪದರ: ಕಾಗದದ ಧೂಳು, ಅದರ ಜೊತೆ ಟೋನರ್ ಪುಡಿ. ಟೋನರ್ ಅಂದರೆ ಬಿಸಿಗೆ ಕರಗಿ ಕಾಗದಕ್ಕೆ ಅಂಟುವ ಪ್ಲಾಸ್ಟಿಕ್ ಪುಡಿ, ಗೊತ್ತಲ್ಲ? ಫ್ಯಾನಿನ ರೆಕ್ಕೆಗಳಿಗೂ ಅದೇ ಮೆತ್ತಿತ್ತು. ಇಷ್ಟು ಸಾಲದೆಂಬಂತೆ ಇಡೀ ಕ್ಯಾಬಿನೆಟ್ಟನ್ನು ಮರದ ಮೇಜಿನ ಗೂಡಿನೊಳಗೆ ತುರುಕಿ, ಧೂಳು ಬೀಳದಿರಲಿ ಅಂತ ಮುಂದೆ ಪರದೆ ಬೇರೆ ಕಟ್ಟಿದ್ದರು! ಬಿಸಿಗಾಳಿ ಹೊರಗೆ ಹೋಗಲಾರದೆ ಅಲ್ಲೇ ಸುತ್ತುತ್ತಿತ್ತು. ಮಧ್ಯಾಹ್ನದ ಸೆಕೆಗೆ ಬಿಸಿ ಮಿತಿ ದಾಟುತ್ತಿತ್ತು, ಎಸ್‌ಎಂಪಿಎಸ್ ತನ್ನನ್ನು ತಾನೇ ಉಳಿಸಿಕೊಳ್ಳಲು ಆಫ್ ಆಗುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಏಳುತ್ತಿತ್ತು. ಅಷ್ಟೇ ವೈರಸ್!

ಹುಡುಗ ಹೊಸ ಎಸ್‌ಎಂಪಿಎಸ್ ಹಾಕಿ ಹೋದ. ಅಂಗಡಿಯವರು ಕ್ಯಾಬಿನೆಟ್ಟನ್ನು ಮತ್ತೆ ಅದೇ ಗೂಡಿಗೆ ಸೇರಿಸಿ, ಪರದೆ ಎಳೆದರು. ಮುಂದಿನ ಬೇಸಿಗೆಗೆ ಏನಾಯಿತು ಅಂತ ನಾನು ಬಿಡಿಸಿ ಹೇಳಬೇಕೇ?

ಈಗ ಧೂಳು ತೆಗೆಯುವ ಕ್ರಮ. ಮನೆಯಲ್ಲಾದರೆ ಮೂರು ತಿಂಗಳಿಗೊಮ್ಮೆ. ರಸ್ತೆ ಬದಿಯ ಅಂಗಡಿ, ಗ್ರಾಮ ಒನ್ ಕೇಂದ್ರ, ಹಿಟ್ಟಿನ ಗಿರಣಿಯ ಪಕ್ಕದ ಡಿಟಿಪಿ ಸೆಂಟರ್ ಆದರೆ ತಿಂಗಳಿಗೊಮ್ಮೆ. ಶಟ್‌ಡೌನ್ ಮಾಡಿ, ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು ತೆಗೆಯಿರಿ. ಸ್ವಿಚ್ ಆರಿಸಿದ್ದೇನೆ ಅಂದರೆ ಸಾಲದು, ಕಿತ್ತು ತೆಗೆಯಿರಿ. ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ದು ಪಕ್ಕದ ಬಾಗಿಲು ತೆಗೆಯಿರಿ. ಜಾಲರಿಯ ಮೇಲಿನ ಪದರವನ್ನು ಒಣ ಬ್ರಷ್ಷಿನಿಂದ ಕೆರೆದು, ಒಂದು ಗೇಣು ದೂರದಿಂದ ಬ್ಲೋವರ್ ಬಿಡಿ, ಹಿಂದಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ. ಬಿಡುವಾಗ ಪೊರಕೆ ಕಡ್ಡಿಯೊಂದನ್ನು ಜಾಲರಿಯೊಳಗೆ ತೂರಿಸಿ ಫ್ಯಾನ್ ತಿರುಗದಂತೆ ಹಿಡಿಯಿರಿ. ಬ್ಲೋವರಿನ ರಭಸಕ್ಕೆ ಫ್ಯಾನು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳು. ಬಾಯಿಂದ ಊದಬೇಡಿ, ಎಂಜಲಿನ ಹನಿ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆ ಬೇಡ. ಹೊಲಿಗೆ ಯಂತ್ರದ ಎಣ್ಣೆ ಬಿಡುವ ಬುದ್ಧಿವಂತರಿದ್ದಾರೆ, ದಯವಿಟ್ಟು ಬೇಡ. ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ.

ಮತ್ತು ಕ್ಯಾಬಿನೆಟ್ ತೆಗೆಯಿರಿ ಅಂದೆ, ಎಸ್‌ಎಂಪಿಎಸ್ ಪೆಟ್ಟಿಗೆ ಬಿಚ್ಚಿ ಅನ್ನಲಿಲ್ಲ. ಅದರ ನಾಲ್ಕು ಸ್ಕ್ರೂಗಳನ್ನು ಮುಟ್ಟಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಕಂಪ್ಯೂಟರ್ ಆನೇ ಆಗದಿದ್ದರೆ ಒಂದು ಸುಲಭ ಪರೀಕ್ಷೆ. ಪ್ಲಗ್ ಕಿತ್ತು, ಮದರ್‌ಬೋರ್ಡಿನ 24 ಪಿನ್ನಿನ ಕನೆಕ್ಟರೂ ಸೇರಿದಂತೆ ಎಸ್‌ಎಂಪಿಎಸ್‌ನ ಎಲ್ಲ ಕನೆಕ್ಟರ್‌ಗಳನ್ನು ಬಿಡಿಸಿ. 24 ಪಿನ್ನಿನದರಲ್ಲಿ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಆಮೇಲೆ ಕರೆಂಟ್ ಕೊಡಿ. ಫ್ಯಾನು ತಿರುಗಿದರೆ ಜೀವ ಇದೆ ಅಂತ ಅರ್ಥ, ಆರೋಗ್ಯ ಇದೆ ಅಂತಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದವರು ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇದೆಯೇ ನೋಡಿ. ಅದರ ಹೊರಗಿದ್ದರೆ ಬದಲಿಸಿ.

ಇನ್ನೊಂದು ದೂರು ಯುಪಿಎಸ್ ಬಗ್ಗೆ, ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಪೆಟ್ಟಿಗೆ ಅದು. ಕರೆಂಟ್ ಹೋದಾಗ ಯುಪಿಎಸ್ ಕೂಗುತ್ತದೆ, ಆದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎಲ್ಲರೂ ಯುಪಿಎಸ್ ಬ್ಯಾಟರಿ ಬದಲಿಸಲು ಓಡುತ್ತಾರೆ. ಆದರೆ ಯುಪಿಎಸ್ ಗೋಡೆಯ ಕರೆಂಟ್ ಬಿಟ್ಟು ತನ್ನ ಬ್ಯಾಟರಿಯ ಕಡೆ ಹೊರಳಲು ಕೆಲವು ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಕಂಪ್ಯೂಟರನ್ನು ಹಿಡಿದು ನಿಲ್ಲಿಸಬೇಕಾದದ್ದು ಎಸ್‌ಎಂಪಿಎಸ್‌ನ ಆ ಕೆಪಾಸಿಟರೇ. ಒಳ್ಳೆಯದು 16 ಮಿಲಿಸೆಕೆಂಡಿನಷ್ಟು ತಡೆಯುತ್ತದೆ. ಬಿಸಿಗೆ ಒಣಗಿದ್ದು ಕೈ ಬಿಡುತ್ತದೆ. ನೋಡಿ, ಮತ್ತೆ ಅದೇ ಧೂಳಿಗೆ ಬಂದು ನಿಂತೆವು!

ಹೊಸದು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದಪ್ಪಕ್ಷರ ನಂಬಬೇಡಿ. 450 ವ್ಯಾಟ್ ಅಂತ ಬರೆದು, ಲೇಬಲ್ಲಿನಲ್ಲಿ 12 ವೋಲ್ಟಿನ ಎದುರು 14 ಆಂಪ್ ಅಂತಿದ್ದರೆ, 12 ಇಂಟು 14, ಆ ಮುಖ್ಯ ಲೈನಿನಲ್ಲಿ ಸಿಗುವುದು 168 ವ್ಯಾಟ್. ಹಾಗಿದ್ದರೆ ವಾಪಸ್ ಕೊಡಿ.

ಕಡೆಯದಾಗಿ ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆಯೇ? ಹಾಗಾದರೆ ನಿಮ್ಮ ಸಾಕೆಟ್ಟಿನಲ್ಲಿ ಅರ್ತ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ತಗಡಿನ ಮೇಲೆ ಸರಬರಾಜಿನ ಅರ್ಧದಷ್ಟು, ಸುಮಾರು 115 ವೋಲ್ಟ್ ಬಿಡುತ್ತದೆ. ಅದು ನೆಲಕ್ಕೆ ಇಳಿಯಬೇಕಾದದ್ದು ಪ್ಲಗ್ಗಿನ ಆ ದಪ್ಪ ಪಿನ್ನಿನ ಮೂಲಕ. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಿರುವವರು ಇಂದೇ ಎಲೆಕ್ಟ್ರಿಷಿಯನ್ ಕರೆಸಿ. ಅವರು ಬಂದು ಹೋಗುವವರೆಗೆ ಕಂಪ್ಯೂಟರ್ ಹಚ್ಚಬೇಡಿ.

ನಮಸ್ಕಾರ.