ಹಣ್ಣನ್ನು ಬಯ್ಯುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಹೋದವರು ನೋಡಿರುತ್ತೀರಿ. ಸೇಬು, ದಾಳಿಂಬೆಯ ಪಕ್ಕದಲ್ಲಿ ಮೈತುಂಬ ಕೆಂಪು ಕೂದಲಿನ ರಂಬುಟಾನ್, ಕಡುನೇರಳೆ ಬಣ್ಣದ ಮ್ಯಾಂಗೋಸ್ಟೀನ್. ಜನ ನಿಲ್ಲುತ್ತಾರೆ, ಎತ್ತಿ ನೋಡುತ್ತಾರೆ, ರೇಟು ಕೇಳುತ್ತಾರೆ, ವಾಪಸ್ ಇಟ್ಟು ಒಂದು ಕೇಜಿ ಬಾಳೆಹಣ್ಣು ತಗೊಂಡು ಹೋಗುತ್ತಾರೆ. ಇನ್ನು ಕೆಲವರು ಧೈರ್ಯ ಮಾಡಿ ಕೊಳ್ಳುತ್ತಾರೆ, ಮನೆಯಲ್ಲಿ ಹೇಗೋ ಕಚ್ಚುತ್ತಾರೆ, "ಏನೂ ಚೆನ್ನಾಗಿಲ್ಲ" ಅಂತ ಎಸೆಯುತ್ತಾರೆ. ರೇಟು ಎಲ್ಲರೂ ಕೇಳುತ್ತಾರೆ. ತಿನ್ನೋದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ ಮಾತು: ಹಣ್ಣನ್ನು ಬಯ್ಯುವ ಮೊದಲು, ತಿನ್ನೋದು ಹೇಗೆ ಅಂತ ಕೇಳಿ.

ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. 5 ವರ್ಷದ ಹಿಂದೆ ಆರಿದ್ರೆ ಮಳೆ ಹಿಡಿದಿದ್ದಾಗ ಅವರ ಮನೆಗೆ ಹೋದೆ. ಕೈಯಲ್ಲಿ 8 ಮ್ಯಾಂಗೋಸ್ಟೀನ್ ಇತ್ತು. "ದೊಡ್ಡಮ್ಮ, ಇದು ನಮ್ಮ ಮುರುಗಲಿನ ಜಾತಿಯದೇ ಹಣ್ಣು" ಅಂತ ಕೊಟ್ಟೆ. ಹೇಳಿದ್ದು ಸುಳ್ಳಲ್ಲ. ನಾವು ಅಡುಗೆಗೆ ಹುಳಿಯಾಗಿ ಬಳಸುವ ಮುರುಗಲು (ಕೋಕಂ), ಉಪ್ಪಾಗೆ, ಜೊತೆಗೆ ಮ್ಯಾಂಗೋಸ್ಟೀನ್, ಮೂರೂ ಗಾರ್ಸೀನಿಯಾ ಅನ್ನುವ ಒಂದೇ ಕುಲದ ಮರಗಳು. ಕೊಟ್ಟು, ನಾನು ತೋಟ ನೋಡಲು ಹೋದೆ.

ಸಂಜೆ ಬಂದು ನೋಡಿದರೆ ಒಲೆ ಮೇಲಿನ ಅಟ್ಟದಲ್ಲಿ ಒಂದು ಮೊರ. ಮೊರದ ತುಂಬ ಮ್ಯಾಂಗೋಸ್ಟೀನಿನ ಸಿಪ್ಪೆ, ಹೋಳು ಹೋಳಾಗಿ, ಉಪ್ಪು ಸವರಿಕೊಂಡು ಒಣಗುತ್ತಾ ಇದೆ. "ಒಳಗಿದ್ದದ್ದು ಎಲ್ಲಿ ದೊಡ್ಡಮ್ಮ?" ಅಂದೆ. "ಆ ಬಿಳೀ ತಿರುಳಾ? ಕರುವಿಗೆ ಹಾಕ್ದೆ" ಅಂದರು. ಒಂದು ಚೂರು ಸಿಪ್ಪೆ ಸಾರಿಗೂ ಹಾಕಿ ನೋಡಿದ್ದರು. "ಹುಳಿಯೇ ಇಲ್ಲ, ಬರೀ ಒಗರು. ಇದೆಂತ ಹಣ್ಣು ಮಾರಾಯ!"

ಅವರ ಕೈಯಲ್ಲಿ ತಪ್ಪಿರಲಿಲ್ಲ. ಮುರುಗಲು ಬಂದರೆ ನಮ್ಮ ಹೆಂಗಸರು ಮಾಡುವುದೇ ಹಾಗೆ. ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ; ಬೀಜದ ತುಪ್ಪ ಒಡೆದ ಹಿಮ್ಮಡಿಗೆ. ಆದರೆ ಈ ಹಣ್ಣಿನಲ್ಲಿ ಎಲ್ಲ ತಿರುಗುಮುರುಗು. ತಿನ್ನಬೇಕಾದದ್ದು ಕರುವಿನ ಹೊಟ್ಟೆಗೆ ಹೋಯಿತು, ಎಸೆಯಬೇಕಾದದ್ದು ಅಟ್ಟ ಹತ್ತಿತು. ತಪ್ಪು ನನ್ನದು. ಹಣ್ಣು ಕೊಟ್ಟೆ, ತಿನ್ನೋದು ಹೇಗೆ ಅಂತ ಹೇಳಲಿಲ್ಲ.

ಪುಣ್ಯಕ್ಕೆ ಬುಟ್ಟಿಯ ಮೂಲೆಯಲ್ಲಿ ಒಂದು ಹಣ್ಣು ಉಳಿದಿತ್ತು. ದೊಡ್ಡಮ್ಮನನ್ನು ಜಗಲಿಯಲ್ಲಿ ಕೂರಿಸಿ, ಹಣ್ಣು ಮಗುಚಿ ತಳ ತೋರಿಸಿದೆ. ಅಲ್ಲಿ ಪುಟ್ಟ ಹೂವಿನಂಥ ಒಂದು ಗುರುತು ಇರುತ್ತದೆ. "ಎಸಳು ಎಷ್ಟು, ಎಣಿಸಿ." ಎಣಿಸಿದರು, ಆರು. "ಒಳಗೆ ಆರೇ ತೊಳೆ ಇರುತ್ತೆ" ಅಂದೆ. ನಂಬಲಿಲ್ಲ. ಎರಡೂ ಅಂಗೈ ನಡುವೆ ಇಟ್ಟು ಮೆಲ್ಲಗೆ ಒತ್ತಿದೆ. ದಪ್ಪ ಸಿಪ್ಪೆ ಬಿರಿಯಿತು, ಮೇಲಿನ ಅರ್ಧ ಟೋಪಿಯ ಹಾಗೆ ಎದ್ದು ಬಂತು. ಒಳಗೆ ಬೆಳ್ಳುಳ್ಳಿ ಗಡ್ಡೆಯ ಹಾಗೆ ಹಾಲುಬಿಳಿ ತೊಳೆಗಳು. ದೊಡ್ಡಮ್ಮ ಬೆರಳಿಟ್ಟು ಎಣಿಸಿದರು. ಆರು! ಒಂದು ತೊಳೆ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು. ಎರಡನೆಯದು, ಮೂರನೆಯದು. ಚೆನ್ನಾಗಿದೆ ಅಂತಲೂ ಹೇಳಲಿಲ್ಲ. ದೊಡ್ಡ ತೊಳೆಯ ಬೀಜ ಅಂಗೈಗೆ ಉಗಿದು, "ಇದನ್ನ ಎಲ್ಲಿ ಹಾಕ್ಲಿ?" ಅಂತ ಕೇಳಿದರು.

ಈ ಕಥೆಗೇ ಬಹಳ ಹೊತ್ತು ಹಿಡಿಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮ್ಯಾಂಗೋಸ್ಟೀನ್ ಕೊಳ್ಳುವಾಗ ಬೆರಳಲ್ಲಿ ಒತ್ತಿ ನೋಡಿ. ಸ್ವಲ್ಪ ಬಗ್ಗಬೇಕು. ಕಲ್ಲಿನ ಹಾಗಿದ್ದರೆ ಬೇಡ. ತೊಳೆಯ ಮೇಲೆ ಹಳದಿ ಅಂಟು ಕಂಡರೆ ಅದು ಕಹಿ, ತೆಗೆದುಹಾಕಿ. ಸಿಪ್ಪೆಯ ರಸ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಬಿಳಿ ಪಂಚೆಯವರು ಹುಷಾರು.

ರಂಬುಟಾನ್ ನೋಡಿ ಹೆದರಬೇಡಿ. ಮಲಯ ಭಾಷೆಯಲ್ಲಿ ರಂಬುಟ್ ಅಂದರೆ ಕೂದಲು, ಅಷ್ಟೇ. ಉಗುರಿನಿಂದ ಸಿಪ್ಪೆ ಸುತ್ತ ಗೀರಿ ಬಿಡಿಸಿ, ತಿರುಳು ಮಾತ್ರ ತಿನ್ನಿ. ಬೀಜ ಜಗಿದರೆ ಕಹಿ. ಬೀಜ ಜಗಿದು ಹಣ್ಣನ್ನು ಬೈದರೆ ನಾನು ಒಪ್ಪುವುದಿಲ್ಲ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದೇ ಇಲ್ಲ. ಕೊಯ್ದ ಮೇಲೆ ಅಕ್ಕಿ ಡಬ್ಬದಲ್ಲಿಟ್ಟು ಮೆತ್ತಗಾಗುವವರೆಗೆ ಕಾಯಬೇಕು. ಕೊಯ್ದ ದಿನವೇ ಹೆಚ್ಚಿ ತಿಂದು ಸೋಪಿನ ಹಾಗಿದೆ ಅನ್ನುವವರಿಗೆ ಏನು ಹೇಳಲಿ? ಕೇಳಿ ಸ್ವಾಮಿ, ತಿನ್ನೋದು ಹೇಗೆ ಅಂತ ಮೊದಲು ಕೇಳಿ.

ಹೊರಗಿನ ಹಣ್ಣು ನಮಗ್ಯಾಕೆ ಅನ್ನುವವರೂ ಇದ್ದಾರೆ. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಅಂತ ಹೆಸರಿಟ್ಟಿದ್ದೇ ಅದು ಪರಂಗಿಯವರ ಜೊತೆ ಬಂದದ್ದಕ್ಕೆ. ಅನಾನಸ್ ಅನ್ನುವ ಹೆಸರನ್ನೂ ಪೋರ್ಚುಗೀಸರೇ ತಂದರು. ಇವತ್ತು ಸೊರಬದ ಕಡೆ ಅದನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. ಯಾರೋ ಒಬ್ಬರು ಮೊದಲ ಸಲ ಅದರ ಮುಳ್ಳು ಕಣ್ಣು ಕೆತ್ತಿ ತಿನ್ನೋದನ್ನು ಪಕ್ಕದ ಮನೆಯವರಿಗೆ ತೋರಿಸಿಕೊಟ್ಟಿರಲೇಬೇಕು.

ಕೊನೆಗೆ ಬೀಜದ ವಿಷಯ. ಮ್ಯಾಂಗೋಸ್ಟೀನ್ ಬೀಜ ಒಣಗಿದರೆ ಸತ್ತುಹೋಗುತ್ತದೆ. ತಿಂದ ದಿನವೇ ತೊಳೆದು, ನೆರಳಿನಲ್ಲಿ, ತೇವದ ಮಣ್ಣಿಗೆ ಹಾಕಿ. ಅಡಿಕೆ ತೋಟದ ನೆರಳಿನಲ್ಲೂ ಬರುತ್ತದೆ. ಫಲಕ್ಕೆ 7-8 ವರ್ಷ, ಇನ್ನೂ ಹೆಚ್ಚೂ ಬೇಕಾದೀತು. ದೊಡ್ಡಮ್ಮ ಅವತ್ತೇ ಸಂಜೆ ಕೊಡೆ ಹಿಡಿದುಕೊಂಡು ಹೋಗಿ ಬಚ್ಚಲ ಹಿಂದೆ ಹಾಕಿದರು. ಗಿಡ ಈಗ ಅವರ ಎದೆಮಟ್ಟಕ್ಕಿದೆ. ಫೋನ್ ಮಾಡಿದಾಗಲೆಲ್ಲ ಮೊದಲು ಅದರ ಸುದ್ದಿಯೇ ಹೇಳುತ್ತಾರೆ.

ನಮಸ್ಕಾರ.