ಮ್ಯಾಟ್ ಇದೆ, ವೈರ್ ಎಲ್ಲಿ?

ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿಗೆ ಅಂತ, ಮೈಮೇಲೆ ಕೂಡುವ ಸ್ಟ್ಯಾಟಿಕ್ ಚಾರ್ಜ್ ಚಿಪ್ಪನ್ನು ಸುಡದಿರಲಿ ಅಂತ ಆಂಟಿಸ್ಟ್ಯಾಟಿಕ್ ಮ್ಯಾಟ್ ತಂದಿದ್ದೀರಿ, ಅಲ್ವಾ? ಅದರ ಮೂಲೆಯಲ್ಲೊಂದು ಟಿಚ್ ಬಟನ್ ಇದೆ, ನೋಡಿ. ಅದಕ್ಕೆ ಅರ್ಥಿಂಗ್ ವೈರ್ ಸಿಕ್ಕಿಸಿದ್ದೀರಾ?

ನನ್ನ ವೈರ್ ತಿಂಗಳುಗಟ್ಟಲೆ ಡ್ರಾಯರಿನಲ್ಲೇ ಇತ್ತು. ಸುತ್ತಿದ ಹಾಗೇ. ಮ್ಯಾಟ್ ಹಾಸಿದ್ದೇನಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ. ಈಗ ಹೇಳುತ್ತೇನೆ ಕೇಳಿ: ವೈರ್ ಇಲ್ಲದ ಮ್ಯಾಟ್‌ಗಿಂತ ಮ್ಯಾಟೇ ಇಲ್ಲದಿರುವುದು ವಾಸಿ. ಇಲ್ಲದಿದ್ದರೆ ಭಯದಿಂದ ಕೈ ಬಿಗಿಹಿಡಿದು ಕೆಲಸ ಮಾಡುತ್ತೀರಿ. ಇದ್ದರೆ ಧೈರ್ಯ ಜಾಸ್ತಿ.

ಮ್ಯಾಟ್ ಸ್ಟ್ಯಾಟಿಕ್ ಅನ್ನು ನುಂಗುವುದಿಲ್ಲ. ಅದು ಬರೀ ದಾರಿ. ದಾರಿ ನೆಲಕ್ಕೆ ಮುಟ್ಟದಿದ್ದರೆ ಚಾರ್ಜ್ ಅಲ್ಲೇ ಕೂತಿರುತ್ತದೆ.

ನಮ್ಮ ಬೆರಳಿಗೆ ಚುರ್ ಅನ್ನಿಸಬೇಕಾದರೆ ಹೆಚ್ಚುಕಡಿಮೆ 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳಿಗೆ 100 ವೋಲ್ಟ್ ಕೂಡ ಸಾಕು. ಅಂದರೆ ನಮಗೆ ಗೊತ್ತೇ ಆಗದೆ ಕೆಲಸ ಕೆಟ್ಟಿರುತ್ತದೆ. ಚಿಪ್ ಅಲ್ಲೇ ಸತ್ತರೆ ಪುಣ್ಯ. ಅರೆಪೆಟ್ಟು ತಿಂದು, ಟೆಸ್ಟಿನಲ್ಲಿ ಪಾಸಾಗಿ, ಆಮೇಲೆ ಯಾವತ್ತೋ ಕೈಕೊಡುತ್ತದಲ್ಲ, ಅದು ತಲೆನೋವು.

ಹಾಗಾದರೆ ಸುಮ್ನೆ ಸ್ಟೀಲ್ ತಗಡು ಹಾಸಿ ಅರ್ಥ್ ಕೊಟ್ಟರೆ ಆಗಲ್ವಾ? ಆಗಲ್ಲ. ಚಾರ್ಜ್ ಆಗಿರುವ ಚಿಪ್ಪನ್ನು ಲೋಹದ ಮೇಲಿಟ್ಟರೆ ಅಷ್ಟೂ ಚಾರ್ಜ್ ಒಂದೇ ಏಟಿಗೆ ನುಗ್ಗುತ್ತದೆ. ಆ ಏಟೇ ಅದನ್ನು ಕೊಲ್ಲುತ್ತದೆ. ಒಳ್ಳೆಯ ಮ್ಯಾಟಿನ ರೆಸಿಸ್ಟೆನ್ಸ್ ಹತ್ತು ಲಕ್ಷ ಓಮ್‌ನಿಂದ ನೂರು ಕೋಟಿ ಓಮ್‌ವರೆಗೆ ಇರುವುದು ಇದಕ್ಕೇ. ಚಾರ್ಜ್ ಮೆತ್ತಗೆ ಇಳಿಯಬೇಕು.

ಮೈಮೇಲಿನ ಚಾರ್ಜ್ ಇಳಿಸಲು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೈಪಟ್ಟಿಯ ವೈರಿನಲ್ಲಿ 1 ಮೆಗಾಓಮ್ (ಹತ್ತು ಲಕ್ಷ ಓಮ್) ರೆಸಿಸ್ಟರ್ ಇರುವುದು ನಿಮ್ಮ ಜೀವ ಕಾಯಲು. ಅಕಸ್ಮಾತ್ 230 ವೋಲ್ಟ್ ಮುಟ್ಟಿದರೂ ಅದರಲ್ಲಿ ಕಾಲು ಮಿಲಿಆಂಪ್ ಕೂಡ ಹರಿಯುವುದಿಲ್ಲ. ಅರ್ಥ್ ಚೆನ್ನಾಗಿ ಸಿಗಲಿ ಅಂತ ಅದನ್ನು ಕಿತ್ತು ನೇರ ತಂತಿ ಹಾಕುವ ಜಾಣರಿದ್ದಾರೆ. ದಯವಿಟ್ಟು ಬೇಡ. ರೆಸಿಸ್ಟರ್ ಇದ್ದರೂ ಮೈಮೇಲಿನ ಚಾರ್ಜ್ ಒಂದೆರಡು ಮಿಲಿಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಹಾಗಂತ ಕೈಪಟ್ಟಿ ಕಟ್ಟಿಕೊಂಡು ಕರೆಂಟ್ ಇರುವ ಸಾಮಾನಿಗೆ ಕೈ ಹಾಕಬೇಡಿ.

ಇನ್ನು ಆ ನೀಲಿ ಸಿಲಿಕೋನ್ ಮ್ಯಾಟ್. ಸ್ಕ್ರೂ ಇಡಲು ಗುಳಿ ಇರುತ್ತದಲ್ಲ, ಅದೇ. ಅದರಲ್ಲಿ ಹೆಚ್ಚಿನವು ಬೆಸುಗೆಯ ಬಿಸಿ ತಡೆಯಲು ಅಷ್ಟೇ. ಟಿಚ್ ಬಟನ್ನೇ ಇಲ್ಲ ಅಂದರೆ ವೈರ್ ಎಲ್ಲಿಗೆ ಸಿಕ್ಕಿಸುತ್ತೀರಿ?

ವೈರಿನ ಇನ್ನೊಂದು ತುದಿ ಸಾಕೆಟ್ಟಿನ ಅರ್ಥ್‌ಗೆ ಹೋಗಬೇಕು. ನ್ಯೂಟ್ರಲ್‌ಗೆ ಯಾವತ್ತೂ ಅಲ್ಲ. ಮೂರನೇ ತೂತು ಇದೆ ಅಂದಮಾತ್ರಕ್ಕೆ ಒಳಗೆ ಅರ್ಥ್ ಇದೆ ಅಂತಲ್ಲ. ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ನಾನು ಡ್ರಾಯರಿನಿಂದ ವೈರ್ ತೆಗೆದು, ಸಿಕ್ಕಿಸುವ ಮುಂಚೆ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದೆ. ಈ ವೈರಿನಲ್ಲೂ ಅದೇ ರೆಸಿಸ್ಟರ್, ಹಾಗಾಗಿ 1 ಮೆಗಾಓಮ್ ಬರಬೇಕಿತ್ತು. ಏನೂ ಬರಲಿಲ್ಲ. ಬಟನ್ ಪಕ್ಕದಲ್ಲೇ ಒಳಗೆ ತುಂಡಾಗಿತ್ತು.