ಕಬ್ಬಿಣ ಹುಟ್ಟಿದ್ದನ್ನು ಕಂಡವರು

ಕೇಳುಗರಿಗೆ ನಮಸ್ಕಾರ.

ಕಬ್ಬಿಣ ಎಲ್ಲಿಂದ ಬರುತ್ತೆ ಅಂದರೆ ಗಣಿಯಿಂದ ಅಂತೀವಿ. ಸರಿ, ಸಂಡೂರಿನ ಗುಡ್ಡಗಳಿಗೆ ಅದು ಎಲ್ಲಿಂದ ಬಂತು? ನಕ್ಷತ್ರಗಳಿಂದ ಅನ್ನುವುದು ಮೊದಲೇ ಗೊತ್ತಿತ್ತು. ಕಣ್ಣಾರೆ ನೋಡುವ ಅವಕಾಶ ಸಿಕ್ಕಿದ್ದು 1987ರಲ್ಲಿ.

ಆ ವರ್ಷದ ಫೆಬ್ರವರಿ. ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯ. ಖಗೋಳವೀಕ್ಷಕ ಇಯಾನ್ ಶೆಲ್ಟನ್ ಆಗಷ್ಟೇ ತೊಳೆದ ಫೋಟೋ ಫಲಕ ನೋಡುತ್ತಿದ್ದರು. ಹಿಂದೆಂದೂ ಇಲ್ಲದ ಜಾಗದಲ್ಲಿ ಒಂದು ದಪ್ಪ ಚುಕ್ಕೆ! ಫಲಕದ್ದೇ ದೋಷ ಇರಬಹುದಾ ಅಂತ ಹೊರಗೆ ಬಂದು ತಲೆಯೆತ್ತಿದರೆ, ಆಕಾಶದಲ್ಲೂ ಅದು ಇತ್ತು. ಬರಿಗಣ್ಣೇ ಸಾಕಿತ್ತು. ಅಲ್ಲಿ ದೂರದರ್ಶಕ ನಡೆಸುತ್ತಿದ್ದ ಆಸ್ಕರ್ ದುಹಾಲ್ಡೆ ಕೂಡ ಅದೇ ರಾತ್ರಿ ಅದನ್ನು ಕಂಡಿದ್ದರು. ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರ ಸಿಡಿದಿತ್ತು.

ಸೂರ್ಯನ ಸುಮಾರು 20 ಪಟ್ಟು ತೂಕದ ನಕ್ಷತ್ರ ಅದು. ಅಂಥವು ಹೈಡ್ರೋಜನ್ ಬೆಸೆದು ಹೀಲಿಯಂ ಮಾಡುತ್ತವೆ, ಹೀಲಿಯಂನಿಂದ ಕಾರ್ಬನ್, ಆಕ್ಸಿಜನ್, ಹೀಗೇ ಸಿಲಿಕಾನ್‌ವರೆಗೆ. ಹೈಡ್ರೋಜನ್ ಉರಿಯುವುದು ಕೋಟಿ ವರ್ಷದ ಲೆಕ್ಕದಲ್ಲಿ. ಸಿಲಿಕಾನ್ ಕೆಲವೇ ದಿನದಲ್ಲಿ ಮುಗಿದು ನಡುವೆ ಕಬ್ಬಿಣ ತುಂಬುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಖರ್ಚಾಗುತ್ತದೆ. ಒಳಗಿನ ಶಕ್ತಿಯ ಆಧಾರ ತಪ್ಪಿದ ನಡುಭಾಗ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ, ಹೊರಭಾಗ ಸಿಡಿಯುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲಿದೆ. ನಡುವಿನ ಆ ಕಬ್ಬಿಣ ಹೊರಗೆ ಬರುವುದೇ ಇಲ್ಲ! ಅದು ಕುಸಿದು ನ್ಯೂಟ್ರಾನ್ ನಕ್ಷತ್ರ, ಅಂದರೆ ತುಂಬಾ ಒತ್ತಾದ ಪುಟ್ಟ ಗೋಳ ಆಗುತ್ತದೆ. ಹೊರಗೆ ಬರುವುದು ಹೊಸದು. ಸ್ಫೋಟದ ಅಲೆ ಸುತ್ತಲಿನ ಸಿಲಿಕಾನ್ ಪದರವನ್ನು ಕಾಯಿಸಿ ಕ್ಷಣದಲ್ಲೇ ನಿಕಲ್-56 ಮಾಡುತ್ತದೆ, ಅಂದರೆ ತಾನಾಗೇ ಬೇರೆ ಧಾತುವಾಗುವ ವಿಕಿರಣಶೀಲ ನಿಕಲ್. ಅದರಲ್ಲಿ ಅರ್ಧ, 6 ದಿನದಲ್ಲಿ ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್‌ನಲ್ಲಿ ಅರ್ಧ, 77 ದಿನದಲ್ಲಿ ಕಬ್ಬಿಣ. 1987ರಲ್ಲಿ ಕಂಡ ಆ ನಕ್ಷತ್ರದ ಬೆಳಕು ತಿಂಗಳುಗಟ್ಟಲೆ ಇಳಿದಿದ್ದು ಸರಿಯಾಗಿ ಈ 77 ದಿನದ ಲೆಕ್ಕದಲ್ಲೇ! ಕೋಬಾಲ್ಟ್ ಹೊಮ್ಮಿಸುವ ಗಾಮಾ ಕಿರಣಗಳನ್ನೂ ಸೋಲಾರ್ ಮ್ಯಾಕ್ಸಿಮಮ್ ಮಿಷನ್ ಉಪಗ್ರಹ ಹಿಡಿಯಿತು. ಹೊಸ ಕಬ್ಬಿಣ ಎಷ್ಟು ಅಂತೀರಾ? ಭೂಮಿಯಂಥ 20,000 ಗೋಳಗಳ ತೂಕದಷ್ಟು.

ನಮ್ಮ ಕಬ್ಬಿಣವೆಲ್ಲ ಇಂಥ ದೊಡ್ಡ ನಕ್ಷತ್ರಗಳದ್ದೇ ಅಲ್ಲ. ಶ್ವೇತಕುಬ್ಜ ಅನ್ನುವ ಪುಟ್ಟ ನಕ್ಷತ್ರಗಳೂ ಸಿಡಿಯುತ್ತವೆ, ಒಂದೊಂದೂ ಇದಕ್ಕಿಂತ ಎಷ್ಟೋ ಜಾಸ್ತಿ ಕಬ್ಬಿಣ ಕೊಡುತ್ತದೆ. ಅಲ್ಲೂ ದಾರಿ ಅದೇ, ನಿಕಲ್, ಕೋಬಾಲ್ಟ್, ಕಬ್ಬಿಣ. 2014ರಲ್ಲಿ ಎಂ82 ಗೆಲಾಕ್ಸಿಯಲ್ಲಿ ಅಂಥದ್ದೊಂದು ಸಿಡಿದಾಗ ಇಂಟಿಗ್ರಲ್ ಉಪಗ್ರಹಕ್ಕೆ ಅದೇ ಕೋಬಾಲ್ಟ್‌ನ ಕಿರಣಗಳು ಸಿಕ್ಕವು.

ನಮಸ್ಕಾರ.